ಕಾಲಿನ ಹೆಬ್ಬೆರಳ ಗಂಟು: ಕಾರಣ, ಲಕ್ಷಣ ಮತ್ತು ಚಿಕಿತ್ಸೆ

ಮುಖದ ಮೇಲೆ ಒಂದು ಮೊಡವೆ ಎದ್ದರೆ ಹತ್ತು ಸಲ ಕನ್ನಡಿಯ ಮುಂದೆ ನಿಲ್ಲುವ ಮನುಷ್ಯ, ದೇಹದ ಭಾರವನ್ನೆಲ್ಲ ಹಗಲಿಡೀ ಹೊರುವ ತನ್ನ ಪಾದಗಳನ್ನು ವರ್ಷಕ್ಕೊಮ್ಮೆಯಾದರೂ ಸರಿಯಾಗಿ ನೋಡಿಕೊಳ್ಳುವನೇ ಎಂಬುದು ಸಂದೇಹ. ಮುಂಬಯಿಯಂತಹ ಮಹಾನಗರದಲ್ಲಂತೂ ಪಾದಗಳ ಮೇಲೆ ಬೀಳುವ ಹೊರೆ ಸಾಮಾನ್ಯವಾದುದಲ್ಲ. ರೈಲು ನಿಲ್ದಾಣದ ಮೆಟ್ಟಿಲುಗಳನ್ನು ಹತ್ತಿ ಇಳಿಯುವುದು, ಕಿಕ್ಕಿರಿದ ಡಬ್ಬಿಯಲ್ಲಿ ಮುಕ್ಕಾಲು ಗಂಟೆ ಒಂಟಿಕಾಲಿನ ಮೇಲೆಂಬಂತೆ ನಿಲ್ಲುವುದು, ಕಚೇರಿಯಲ್ಲಿ ಬಿಗಿಯಾದ ಬೂಟಿನೊಳಗೆ ಇಡೀ ದಿನ ಕಳೆಯುವುದು, ಇವೆಲ್ಲ ಇಲ್ಲಿ ನೆಲೆಸಿದ ಕನ್ನಡಿಗರ ನಿತ್ಯವಿಧಿಗಳೇ ಆಗಿವೆ. ಹೋಟೆಲಿನ ಗಲ್ಲಾದಲ್ಲಿ, ಅಡುಗೆಮನೆಯಲ್ಲಿ, ಅಂಗಡಿಯ ಕಟ್ಟೆಯ ಹಿಂದೆ ನಿಂತೇ ದುಡಿಯುವವರ ಸಂಖ್ಯೆಯೂ ಕಡಿಮೆಯದಲ್ಲ.

ಇಂತಹ ಪಾದಗಳಲ್ಲಿ ಮೆಲ್ಲಮೆಲ್ಲನೆ, ಯಾರ ಗಮನಕ್ಕೂ ಬಾರದಂತೆ ಮೂಡುವ ಒಂದು ತೊಂದರೆಯೆಂದರೆ ಹೆಬ್ಬೆರಳ ಬುಡದ ಗಂಟು. ಪಾದದ ಒಳಮಗ್ಗುಲಿನಲ್ಲಿ, ಹೆಬ್ಬೆರಳು ಪಾದಕ್ಕೆ ಕೂಡುವ ಎಡೆಯಲ್ಲಿ ಒಂದು ಉಬ್ಬು ಕಾಣಿಸಿಕೊಳ್ಳುತ್ತದೆ. ಹೆಬ್ಬೆರಳು ತನ್ನ ನೇರವಾದ ದಿಕ್ಕನ್ನು ಬಿಟ್ಟು ಎರಡನೆಯ ಬೆರಳಿನತ್ತ ವಾಲುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಬನಿಯನ್ ಎನ್ನುತ್ತಾರೆ. ವೈದ್ಯರು ಬಳಸುವ ಹ್ಯಾಲಕ್ಸ್ ವಾಲ್ಗಸ್ ಎಂಬ ಹೆಸರನ್ನು 1870ರ ದಶಕದಲ್ಲಿ ರೂಢಿಗೆ ತಂದವನು ಜರ್ಮನಿಯ ಶಸ್ತ್ರವೈದ್ಯ ಕಾರ್ಲ್ ಹ್ಯೂಟರ್. ಕನ್ನಡದ ಮನೆಗಳಲ್ಲಿ ಇದಕ್ಕೆ ಪ್ರತ್ಯೇಕ ಹೆಸರೇ ಇಲ್ಲವೆನ್ನಬಹುದು. ಕೆಲವರು ಇದನ್ನು ಆಣಿ ಎನ್ನುತ್ತಾರೆ, ಕೆಲವರು ವಾತವೆನ್ನುತ್ತಾರೆ, ಮತ್ತೆ ಕೆಲವರು ಮೂಳೆ ಬೆಳೆದಿದೆ ಎಂದು ಹೇಳಿ ಸುಮ್ಮನಾಗುತ್ತಾರೆ. ಈ ಮೂರೂ ತಪ್ಪು. ಹೆಸರು ತಪ್ಪಿದಲ್ಲಿ ಚಿಕಿತ್ಸೆಯೂ ದಾರಿ ತಪ್ಪುವುದು ಸಹಜವೇ ಆಗಿದೆ.

ಪಾದದೊಳಗಿನ ರಚನೆ

ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಹಿಮ್ಮಡಿಯ ಕಡೆಯ ದಪ್ಪ ಮೂಳೆಗಳಿಂದ ಬೆರಳುಗಳವರೆಗೆ ಚಾಚಿಕೊಂಡಿರುವ ಐದು ನೀಳವಾದ ಮೂಳೆಗಳಿಗೆ ಮೆಟಾಟಾರ್ಸಲ್ ಎಂದು ಹೆಸರು. ಇವುಗಳಲ್ಲಿ ಮೊದಲನೆಯದು, ಎಂದರೆ ಹೆಬ್ಬೆರಳಿಗೆ ಆಧಾರವಾದುದು, ಗಿಡ್ಡವೂ ದಪ್ಪವೂ ಆಗಿದೆ. ಇದರ ತುದಿಯ ಗುಂಡನೆಯ ತಲೆಗೆ ಹೆಬ್ಬೆರಳಿನ ಮೊದಲ ಗೆಣ್ಣು ಬಂದು ಕೂಡುತ್ತದೆ. ಈ ಸಂಧಿಯ ಅಡಿಯಲ್ಲಿ, ಸ್ನಾಯುರಜ್ಜುವಿನೊಳಗೆ ಹುದುಗಿರುವ ಎರಡು ಪುಟ್ಟ ಮೂಳೆಗಳಿವೆ. ಎಳ್ಳಿನ ಹೆಸರಿನಿಂದ ಬಂದ ಸೆಸಮಾಯ್ಡ್ ಎಂಬುದು ಇವುಗಳ ನಾಮಧೇಯ. ನಡೆಯುವಾಗ ಹಿಮ್ಮಡಿ ಎದ್ದು, ದೇಹವನ್ನು ಮುಂದಕ್ಕೆ ನೂಕುವ ಕೊನೆಯ ಕ್ಷಣದಲ್ಲಿ ಭಾರದ ಬಹುಪಾಲು ಈ ಸಂಧಿಯ ಮೇಲೆಯೇ ಬೀಳುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ವಿಚಿತ್ರವಿದೆ. ಮೆಟಾಟಾರ್ಸಲ್ ಮೂಳೆಯ ತಲೆಗೆ ಯಾವ ಸ್ನಾಯುವೂ ನೇರವಾಗಿ ಅಂಟಿಕೊಂಡಿಲ್ಲ. ಸುತ್ತಲಿನ ಕಟ್ಟುಗಳೂ ರಜ್ಜುಗಳೂ ಎರಡು ಕಡೆಯಿಂದ ಸಮವಾಗಿ ಎಳೆಯುತ್ತಿರುವವರೆಗೆ ಅದು ತನ್ನ ಸ್ಥಾನದಲ್ಲಿ ನಿಂತಿರುತ್ತದೆ. ಈ ಸಮತೋಲ ಒಮ್ಮೆ ತಪ್ಪಿ ಹೆಬ್ಬೆರಳು ಸ್ವಲ್ಪ ಹೊರಮಗ್ಗುಲಿಗೆ ವಾಲಿತೆಂದರೆ, ಅದುವರೆಗೆ ಬೆರಳನ್ನು ನೇರವಾಗಿ ಎಳೆಯುತ್ತಿದ್ದ ರಜ್ಜುಗಳೇ ಬಿಲ್ಲಿನ ಹೆದೆಯಂತೆ ಒಂದು ಪಕ್ಕಕ್ಕೆ ಸರಿದು, ಅದನ್ನು ಇನ್ನಷ್ಟು ಓರೆಗೆ ಎಳೆಯತೊಡಗುತ್ತವೆ. ಬೆರಳು ಹೊರಕ್ಕೆ ವಾಲಿದಷ್ಟೂ ಮೆಟಾಟಾರ್ಸಲ್ ಮೂಳೆ ಒಳಮಗ್ಗುಲಿಗೆ ಜಾರುತ್ತದೆ. ಅಡಿಯ ಸೆಸಮಾಯ್ಡ್‌ಗಳು ತಮ್ಮ ತೋಡಿನಿಂದ ಹೊರಬೀಳುತ್ತವೆ. ಒಮ್ಮೆ ಆರಂಭವಾದ ಈ ಓರೆ ತಾನಾಗಿಯೇ ಹಿಂದಿರುಗದಿರುವುದಕ್ಕೂ, ವರ್ಷದಿಂದ ವರ್ಷಕ್ಕೆ ಹೆಚ್ಚುವುದಕ್ಕೂ ಇದೇ ಕಾರಣ.

ಹಾಗಾದರೆ ಹೊರಗೆ ಕಾಣುವ ಉಬ್ಬು ಏನು? ಬಹುಮಟ್ಟಿಗೆ ಅದು ಹೊಸದಾಗಿ ಬೆಳೆದ ಮೂಳೆಯಲ್ಲ. ಪಕ್ಕಕ್ಕೆ ಸರಿದ ಮೆಟಾಟಾರ್ಸಲ್‌ನ ತಲೆಯೇ ಚರ್ಮದಡಿಯಲ್ಲಿ ಎದ್ದು ತೋರುತ್ತದೆ. ಪಾದರಕ್ಷೆ ಅದರ ಮೇಲೆ ಉಜ್ಜಿದಂತೆಲ್ಲ ಚರ್ಮ ಜಡ್ಡುಗಟ್ಟುತ್ತದೆ. ಚರ್ಮಕ್ಕೂ ಮೂಳೆಗೂ ನಡುವೆ ಒಂದು ಪುಟ್ಟ ದ್ರವಚೀಲ ಉಬ್ಬಿ, ಕೆಂಪಾಗಿ, ಮುಟ್ಟಿದರೆ ನೋಯುವಂತಾಗುತ್ತದೆ. ಎಣ್ಣೆ ತಿಕ್ಕಿದರೆ ಗಂಟು ಕರಗುವುದೆಂಬ ನಂಬಿಕೆಗೆ ಆಧಾರವಿಲ್ಲದಿರುವುದು ಈ ಕಾರಣದಿಂದಲೇ. ಬೆಚ್ಚಗಿನ ಎಣ್ಣೆಯ ಮರ್ದನದಿಂದ ದಣಿದ ಪಾದಕ್ಕೆ ಹಿತವಾಗಬಹುದು. ಆದರೆ ಸ್ಥಾನ ತಪ್ಪಿದ ಮೂಳೆ ಎಣ್ಣೆಗೆ ಕರಗುವ ವಸ್ತುವಲ್ಲ.

ದೋಷ ಯಾರದು: ಬೂಟಿನದೋ, ವಂಶದ್ದೋ?

ಈ ಪ್ರಶ್ನೆಗೆ ಇತಿಹಾಸವೇ ಒಂದು ಸ್ವಾರಸ್ಯಕರವಾದ ಉತ್ತರ ಕೊಟ್ಟಿದೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಹಳೆಯ ಸ್ಮಶಾನಗಳಲ್ಲಿ ದೊರೆತ 177 ಮಂದಿಯ ಅಸ್ಥಿಪಂಜರಗಳನ್ನು ಪರೀಕ್ಷಿಸಿ, ಅಲ್ಲಿಯ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. 11ರಿಂದ 13ನೆಯ ಶತಮಾನದವರೆಗಿನ ಜನರಲ್ಲಿ ಶೇಕಡಾ 6ರಷ್ಟು ಮಂದಿಗೆ ಮಾತ್ರ ಇದ್ದ ಈ ವಿಕಾರ, 14 ಮತ್ತು 15ನೆಯ ಶತಮಾನದವರಲ್ಲಿ ಶೇಕಡಾ 27ಕ್ಕೆ ಏರಿತ್ತು. ಆ ಎರಡು ಕಾಲಗಳ ನಡುವೆ ನಡೆದುದೇನೆಂದರೆ, ಕೊಕ್ಕಿನಂತೆ ಚೂಪಾದ ಮೂತಿಯ ಬೂಟುಗಳು ಅಲ್ಲಿ ಪ್ರತಿಷ್ಠೆಯ ಗುರುತಾಗಿ ಬಂದದ್ದು. ಹಳ್ಳಿಯ ಸ್ಮಶಾನದಲ್ಲಿ ಮಲಗಿದ್ದವರಲ್ಲಿ ಶೇಕಡಾ 3ರಷ್ಟು ಮಂದಿಗೆ ಈ ತೊಂದರೆಯಿದ್ದರೆ, ಒಂದು ಮಠದ ಆವರಣದಲ್ಲಿ ಹೂಳಲ್ಪಟ್ಟವರಲ್ಲಿ ಶೇಕಡಾ 43ರಷ್ಟು ಮಂದಿಗಿತ್ತು. ವೈರಾಗ್ಯವನ್ನು ಬೋಧಿಸುವ ಸನ್ಯಾಸಿಗಳ ಕಾಲುಗಳನ್ನೂ ಫ್ಯಾಷನ್ ಬಿಡಲಿಲ್ಲವೆಂದಾಯಿತು! ಈ ಬೂಟುಗಳ ಹಾವಳಿ ಎಷ್ಟಿತ್ತೆಂದರೆ, 1463ರಲ್ಲಿ ನಾಲ್ಕನೆಯ ಎಡ್ವರ್ಡ್ ದೊರೆ ಮೂತಿಯ ಉದ್ದ ಎರಡು ಅಂಗುಲಗಳನ್ನು ಮೀರಬಾರದೆಂದು ಕಾನೂನನ್ನೇ ಮಾಡಬೇಕಾಯಿತು.

ಹತ್ತಿರದ ಕಾಲದ ಸಾಕ್ಷ್ಯವೂ ಇದೆ. 1958ರಲ್ಲಿ ಹಾಂಗ್‌ಕಾಂಗ್‌ನ ಇಬ್ಬರು ವೈದ್ಯರು ಪಾದರಕ್ಷೆ ತೊಡುವ 118 ಜನರನ್ನೂ, ದೋಣಿಗಳಲ್ಲಿ ಬರಿಗಾಲಿನಲ್ಲೇ ಬದುಕು ಸಾಗಿಸುವ 107 ಜನರನ್ನೂ ಹೋಲಿಸಿ ನೋಡಿದರು. ಮೊದಲನೆಯ ಗುಂಪಿನಲ್ಲಿ ಶೇಕಡಾ 33ರಷ್ಟು ಮಂದಿಗೆ ಹೆಬ್ಬೆರಳು ಅಷ್ಟಿಷ್ಟು ವಾಲಿತ್ತು. ಬರಿಗಾಲಿನವರಲ್ಲಿ ಈ ಪ್ರಮಾಣ ಶೇಕಡಾ 1.9 ಮಾತ್ರ. ಜಪಾನಿನಲ್ಲಿಯೂ ಸಾಂಪ್ರದಾಯಿಕ ಮರದ ಪಾದುಕೆಗಳು ಹಿಂದೆ ಸರಿದು ಪಾಶ್ಚಾತ್ಯ ಮಾದರಿಯ ಬೂಟುಗಳು ಬಳಕೆಗೆ ಬಂದ ಮೇಲೆಯೇ ಈ ತೊಂದರೆ ಹೆಚ್ಚಾಯಿತೆಂದು ಅಲ್ಲಿನ ವೈದ್ಯರು ಗುರುತಿಸಿದ್ದಾರೆ. ಕರ್ನಾಟಕದ ಮಣಿಪಾಲದಲ್ಲಿ ಇಬ್ಬರು ವೈದ್ಯರು 2300 ಮಕ್ಕಳ ಪಾದಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಇಲ್ಲಿ ನೆನೆಯುವುದು ಯೋಗ್ಯ. ಅದರ ವಿಷಯ ಹೆಬ್ಬೆರಳ ಗಂಟಲ್ಲ, ಚಪ್ಪಟೆಪಾದ. ಆದರೂ ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇಕಡಾ 8.6ರಷ್ಟು, ತೊಡದವರಲ್ಲಿ ಶೇಕಡಾ 2.8ರಷ್ಟು ಚಪ್ಪಟೆಪಾದ ಕಂಡುಬಂದದ್ದು, ಮುಚ್ಚಿದ ಬೂಟುಗಳನ್ನು ತೊಡುವವರಲ್ಲಿಯೇ ಅದು ಹೆಚ್ಚಾಗಿದ್ದುದು, ಬೆಳೆಯುವ ಪಾದದ ಆಕಾರವನ್ನು ಪಾದರಕ್ಷೆ ಎಷ್ಟರ ಮಟ್ಟಿಗೆ ತಿದ್ದಬಲ್ಲದೆಂಬುದಕ್ಕೆ ನಿದರ್ಶನವಾಗಿದೆ.

ಆದರೆ ಎಲ್ಲವನ್ನೂ ಬೂಟಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಒಂದೇ ಬಗೆಯ ಬೂಟನ್ನು ತೊಟ್ಟ ಹತ್ತು ಮಂದಿಯಲ್ಲಿ ಎಲ್ಲರಿಗೂ ಗಂಟು ಬರುವುದಿಲ್ಲ. ತಾಯಿಗೆ, ಅಜ್ಜಿಗೆ, ಸೋದರತ್ತೆಗೆ ಇದ್ದ ಮನೆಗಳಲ್ಲಿ ಮಗಳಿಗೂ ಬರುವುದು ವೈದ್ಯರಿಗೆ ಚಿರಪರಿಚಿತವಾದ ಸಂಗತಿ. ಗಂಟು ವಂಶದಲ್ಲಿ ಬರುವುದೆನ್ನುವುದಕ್ಕಿಂತ, ಗಂಟಿಗೆ ಎಡೆಗೊಡುವ ಪಾದದ ರಚನೆ ವಂಶದಲ್ಲಿ ಬರುವುದೆನ್ನುವುದು ಹೆಚ್ಚು ಸರಿ: ಸಡಿಲವಾದ ಕೀಲುಗಳು, ಒಳಕ್ಕೆ ಕುಸಿಯುವ ಪಾದ, ಮೊದಲ ಮೆಟಾಟಾರ್ಸಲ್‌ನ ತಲೆ ಅತಿಯಾಗಿ ಗುಂಡಾಗಿರುವುದು. ಆಮವಾತ, ಎಂದರೆ ರುಮಟಾಯ್ಡ್ ಸಂಧಿವಾತವಿದ್ದವರಲ್ಲಿಯೂ ಕಟ್ಟುಗಳು ಶಿಥಿಲವಾಗಿ ಹೆಬ್ಬೆರಳು ವಾಲುತ್ತದೆ. ಜಗತ್ತಿನ ನಾನಾ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2010ರಲ್ಲಿ ಮಾಡಿದ ಲೆಕ್ಕದ ಪ್ರಕಾರ 18ರಿಂದ 65 ವರ್ಷದವರಲ್ಲಿ ಶೇಕಡಾ 23, ಅದನ್ನು ದಾಟಿದವರಲ್ಲಿ ಶೇಕಡಾ 35.7ರಷ್ಟು ಮಂದಿಗೆ ಈ ವಿಕಾರವಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು.

ಗಂಟಿನೊಡನೆ ಬದುಕು

ದಾದರಿನಲ್ಲಿಯೋ ಡೊಂಬಿವಲಿಯಲ್ಲಿಯೋ ವಾಸಿಸುವ ಒಬ್ಬ ಐವತ್ತರ ಮಹಿಳೆಯನ್ನು ಕಲ್ಪಿಸಿಕೊಳ್ಳಬಹುದು. ಬಾಲ್ಯದಲ್ಲಿ ಊರಿನ ಅಂಗಳ, ತೋಟ, ಗುಡಿಯ ದಾರಿಗಳಲ್ಲಿ ಬರಿಗಾಲಿನಲ್ಲೇ ಓಡಾಡಿದವಳು. ಮದುವೆಯಾಗಿ ನಗರಕ್ಕೆ ಬಂದು, ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ, ಇಪ್ಪತ್ತೈದು ವರ್ಷ ಮೂತಿ ಕಿರಿದಾದ ಬೂಟುಗಳಲ್ಲಿ ದಿನಕ್ಕೆ ಹತ್ತು ಗಂಟೆ ಕಳೆದವಳು. ಮೊದಲು ಸಂಜೆಯ ಹೊತ್ತಿಗೆ ಮಾತ್ರ ಉರಿ. ಬಳಿಕ ಹೊಸ ಚಪ್ಪಲಿ ಕೊಂಡಾಗಲೆಲ್ಲ ಗುಳ್ಳೆ. ವಾಲಿದ ಹೆಬ್ಬೆರಳು ಎರಡನೆಯ ಬೆರಳಿನ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆತ್ತಿದಾಗ ಅಲ್ಲಿ ಆಣಿ. ಹೆಬ್ಬೆರಳು ಹೊರದ ಭಾರ ಎರಡನೆಯ ಮೂರನೆಯ ಬೆರಳುಗಳ ಬುಡಕ್ಕೆ ಬಿದ್ದು ಅಂಗಾಲಿನಲ್ಲಿ ನೋವು. ಕಾಲುಂಗುರ ಬಿಗಿಯಾಗಿ ಕಚ್ಚತೊಡಗಿದರೂ ಅದನ್ನು ತೆಗೆಯಲು ಮನಸ್ಸೊಪ್ಪದು. ಮದುವೆ ಮುಂಜಿಗಳಲ್ಲಿ ಸೀರೆಯ ನೆರಿಗೆಯ ಕೆಳಗೆ ಪಾದವನ್ನು ಮರೆಸಿ ಕೂರುವುದು, ಬೆಳಗಿನ ವಾಯುವಿಹಾರವನ್ನು ಏನೋ ನೆವ ಹೇಳಿ ಬಿಟ್ಟುಬಿಡುವುದು, ದೇವಸ್ಥಾನದ ಪ್ರದಕ್ಷಿಣೆ ಮೂರರಿಂದ ಒಂದಕ್ಕೆ ಇಳಿಯುವುದು. ಮನೆಯವರಿಗೆ ಇದು ತಿಳಿಯುವುದು ಎಷ್ಟೋ ತಡವಾಗಿ.

ವಾಯುವಿಹಾರ ನಿಂತುಹೋದುದರ ಬೆಲೆ ಮುಂದೆ ತೂಕದಲ್ಲಿಯೂ, ರಕ್ತದೊತ್ತಡದಲ್ಲಿಯೂ ಕಾಣಿಸಿಕೊಳ್ಳುತ್ತದೆ. ವೃದ್ಧರಲ್ಲಿ ಇನ್ನೂ ಒಂದು ಅಪಾಯವಿದೆ: ಹೆಬ್ಬೆರಳು ನೆಲವನ್ನು ಸರಿಯಾಗಿ ಒತ್ತದಿದ್ದಲ್ಲಿ ದೇಹದ ಸಮತೋಲ ಕುಂದಿ ಮುಗ್ಗರಿಸಿ ಬೀಳುವ ಸಂಭವ ಹೆಚ್ಚುತ್ತದೆ. ಕೇಂಬ್ರಿಜಿನ ಆ ಅಸ್ಥಿಪಂಜರಗಳಲ್ಲಿಯೂ ಗಂಟುಳ್ಳ ವಯಸ್ಕರಲ್ಲಿ, ಬೀಳುವಾಗ ಕೈಯೂರಿ ಮುರಿದುಕೊಂಡಂತಹ ಮೂಳೆಗಳು ಹೆಚ್ಚಾಗಿ ಕಂಡುಬಂದವು.

ಎಲ್ಲಕ್ಕಿಂತ ಹೆಚ್ಚು ಎಚ್ಚರವಾಗಿರಬೇಕಾದವರು ಮಧುಮೇಹಿಗಳು. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ಚಪ್ಪಲಿ ಗಂಟನ್ನು ಉಜ್ಜಿ ಗಾಯ ಮಾಡಿದರೂ ನೋವು ತಿಳಿಯದು. ತಿಳಿಯುವ ವೇಳೆಗೆ ಹುಣ್ಣು ಮೂಳೆಯವರೆಗೆ ಇಳಿದಿರಬಹುದು. ಬೆರಳನ್ನೋ ಪಾದವನ್ನೋ ಕಳೆದುಕೊಂಡ ಅನೇಕರ ಕಥೆ ಇಂತಹ ಒಂದು ಸಣ್ಣ ಗಾಯದಿಂದಲೇ ಆರಂಭವಾಗುತ್ತದೆ. ಮಧುಮೇಹವಿದ್ದವರು ಪ್ರತಿರಾತ್ರಿ ಪಾದಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಬಗ್ಗಲಾಗದವರು ಕನ್ನಡಿಯನ್ನಾಗಲಿ, ಮನೆಯ ಮಕ್ಕಳನ್ನಾಗಲಿ ಆಶ್ರಯಿಸಬೇಕು. ಔಷಧದಂಗಡಿಯಲ್ಲಿ ಸಿಗುವ ಆಣಿಯ ಪಟ್ಟಿಗಳನ್ನು ಗಂಟಿಗೆ ಅಂಟಿಸಲೇಬಾರದು. ಅವುಗಳಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಚರ್ಮವನ್ನು ಸುಡುತ್ತದೆ. ಬ್ಲೇಡಿನಿಂದ ಜಡ್ಡನ್ನು ಹೆರೆಯುವ ಅಭ್ಯಾಸ ಅದಕ್ಕಿಂತಲೂ ಕೆಟ್ಟದ್ದು.

ಗಂಟಲ್ಲದ ಗಂಟುಗಳೂ ಉಂಟು. ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಡರಿ, ಊದಿ, ಹೊದಿಕೆ ತಗಲಿದರೂ ಪ್ರಾಣಹೋಗುವಂತೆ ನೋಯುತ್ತಿದ್ದರೆ ಅದು ಯೂರಿಕ್ ಆಮ್ಲದಿಂದಾಗುವ ಗೌಟ್ ಇರಬಹುದು. ಅದರ ಚಿಕಿತ್ಸೆಯೇ ಬೇರೆ. ಬೆರಳು ನೇರವಾಗಿಯೇ ಇದ್ದು, ಸಂಧಿ ಮಾತ್ರ ಪೆಡಸಾಗಿ ಮೇಲಕ್ಕೆ ಬಾಗದಿದ್ದರೆ ಅದು ಸಂಧಿ ಸವೆದ ಲಕ್ಷಣ. ನೋವಿನೊಡನೆ ಜ್ವರವಿದ್ದರೆ, ಚರ್ಮ ಒಡೆದು ಕೀವು ಸೋರುತ್ತಿದ್ದರೆ, ಅಂದೇ ವೈದ್ಯರನ್ನು ಕಾಣತಕ್ಕದ್ದು.

ಶಸ್ತ್ರಕ್ರಿಯೆಯಿಲ್ಲದ ಉಪಾಯಗಳು

ಮೊದಲ ಚಿಕಿತ್ಸೆ ಪಾದರಕ್ಷೆಯನ್ನು ಬದಲಿಸುವುದು. ಇದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬಿಳಿಯ ಕಾಗದದ ಮೇಲೆ ಬರಿಗಾಲಿನಲ್ಲಿ ಭಾರ ಹಾಕಿ ನಿಂತು, ಬೇರೆಯವರಿಂದ ಪಾದದ ಸುತ್ತ ಪೆನ್ಸಿಲಿನ ಗೆರೆ ಎಳೆಸಬೇಕು. ದಿನವೂ ತೊಡುವ ಬೂಟನ್ನು ಆ ಚಿತ್ರದ ಮೇಲಿಟ್ಟು ನೋಡಿದರೆ, ಹೆಚ್ಚಿನವರಿಗೆ ಆಶ್ಚರ್ಯ ಕಾದಿರುತ್ತದೆ: ಬೂಟು ಪಾದಕ್ಕಿಂತ ಅರ್ಧ ಅಂಗುಲದಷ್ಟು ಕಿರಿದು! ಬೂಟು ಕೊಳ್ಳುವುದು ಸಂಜೆ, ಪಾದ ಸ್ವಲ್ಪ ಊದಿರುವ ವೇಳೆಯಲ್ಲಿ. ಎರಡೂ ಕಾಲಿಗೆ ತೊಟ್ಟು, ನಿಂತು ನೋಡಬೇಕು. ಉದ್ದನೆಯ ಬೆರಳಿನ ಮುಂದೆ ಕೈಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಮುಂಭಾಗ ಅಗಲವಾಗಿ, ಮೇಲುಚರ್ಮ ಮೆದುವಾಗಿ, ಗಂಟಿನ ಮೇಲೆ ಹೊಲಿಗೆ ಬಾರದಂತೆ ಇರಬೇಕು. ಹಿಮ್ಮಡಿ ಎತ್ತರವಾದಷ್ಟೂ ದೇಹದ ಭಾರ ಮುಂದಕ್ಕೆ ಜಾರಿ ಬೆರಳುಗಳನ್ನು ಬೂಟಿನ ಮೂತಿಗೆ ತುರುಕುತ್ತದೆ. ಆದುದರಿಂದ ಎತ್ತರದ ಹಿಮ್ಮಡಿ ವರ್ಜ್ಯ. ತೊಡುತ್ತ ತೊಡುತ್ತ ಸಡಿಲವಾದೀತೆಂಬ ಅಂಗಡಿಯವನ ಭರವಸೆಯನ್ನು ನಂಬಬೇಕಾಗಿಲ್ಲ. ಚರ್ಮದ ಬೂಟು ಈಗಾಗಲೇ ಮನೆಯಲ್ಲಿದ್ದರೆ, ಗಂಟು ತಾಗುವ ಜಾಗದಲ್ಲಿ ಅದನ್ನು ಹಿಗ್ಗಿಸಿಕೊಡಲು ಕೈಪಳಗಿದ ಮೋಚಿಯಿಂದ ಆಗುತ್ತದೆ.

ಚಪ್ಪಲಿಯ ವಿಷಯ ಬೇರೆ. ಕೊಲ್ಹಾಪುರಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಚಪ್ಪಲಿಗಳು ಮಹಾರಾಷ್ಟ್ರದ್ದಷ್ಟೇ ಅಲ್ಲ. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳೂ ಅವನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಇಂತಹ ತೆರೆದ ಚಪ್ಪಲಿಯಲ್ಲಿ ಬೆರಳುಗಳಿಗೆ ಇಕ್ಕಟ್ಟಿಲ್ಲ. ಆದರೆ ಅಡ್ಡಪಟ್ಟಿ ನೇರವಾಗಿ ಗಂಟಿನ ಮೇಲೆಯೇ ಬೀಳುವಂತಿದ್ದರೆ, ಅಥವಾ ಹೆಬ್ಬೆರಳನ್ನು ಹಿಡಿಯುವ ತೊಗಲಿನ ಉಂಗುರ ಬಿಗಿಯಾಗಿದ್ದರೆ, ಪ್ರಯೋಜನಕ್ಕಿಂತ ಪೀಡೆಯೇ ಹೆಚ್ಚು. ಪಟ್ಟಿ ಎಲ್ಲಿ ಕೂರುವುದೆಂಬುದನ್ನು ನೋಡಿ ಆರಿಸಿಕೊಳ್ಳಬೇಕು. ತೆಳುವಾದ ರಬ್ಬರಿನ ಹವಾಯಿ ಚಪ್ಪಲಿ ಮನೆಯೊಳಗೆ ಸರಿ, ದಿನಕ್ಕೆ ಮೂರು ಮೈಲಿ ನಡೆಯುವುದಕ್ಕಲ್ಲ.

ಗಂಟಿನ ಮೇಲಿಡುವ ಮೆತ್ತೆ, ಬೆರಳುಗಳ ನಡುವೆ ಇಡುವ ಸಿಲಿಕೋನಿನ ತುಂಡು, ರಾತ್ರಿ ಕಟ್ಟಿಕೊಳ್ಳುವ ಪಟ್ಟಿಗಳು, ಬೂಟಿನೊಳಗಿಡುವ ಅಟ್ಟೆ, ಇವೆಲ್ಲ ನೋವನ್ನು ಶಮನಗೊಳಿಸಬಲ್ಲವು. ಬೆರಳನ್ನು ಶಾಶ್ವತವಾಗಿ ನೇರಗೊಳಿಸುವುದಾಗಿ ಜಾಹೀರಾತುಗಳು ಹೇಳುವುದು ಮಾತ್ರ ಉತ್ಪ್ರೇಕ್ಷೆ. ಪಟ್ಟಿಯನ್ನು ಬಿಚ್ಚಿದೊಡನೆ ಬೆರಳು ತನ್ನ ಹಳೆಯ ಜಾಗಕ್ಕೇ ಮರಳುತ್ತದೆ. ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸುವುದು, ಹೆಬ್ಬೆರಳನ್ನು ಮೇಲಕ್ಕೂ ಕೆಳಕ್ಕೂ ಮೆಲ್ಲಗೆ ಬಾಗಿಸುವುದು ಮುಂತಾದ ವ್ಯಾಯಾಮಗಳಿಂದ ಸಂಧಿ ಪೆಡಸಾಗದೆ ಉಳಿಯುತ್ತದೆ. ಉರಿಯೂತ ಹೆಚ್ಚಾದಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳಿಗೆ ಇದು ಕೂಡದು. ಐಬುಪ್ರೊಫೇನ್‌ನಂತಹ ಮಾತ್ರೆಗಳನ್ನು ಜಠರದ ಹುಣ್ಣು, ಮೂತ್ರಪಿಂಡದ ದೋಷ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು.

ಶಸ್ತ್ರಕ್ರಿಯೆ ಯಾವಾಗ?

ಉಪಾಯಗಳೆಲ್ಲ ಮುಗಿದ ಮೇಲೂ ನೋವು ನಿತ್ಯದ ನಡಿಗೆಗೆ ಅಡ್ಡಿಯಾಗಿಯೇ ಉಳಿದಿದ್ದರೆ ಶಸ್ತ್ರಕ್ರಿಯೆಯ ವಿಚಾರ ಮಾಡಬೇಕು. ಪಾದ ಚೆಂದವಾಗಿ ಕಾಣಲೆಂಬ ಏಕೈಕ ಉದ್ದೇಶದಿಂದ ನೋವಿಲ್ಲದ ಗಂಟಿಗೆ ಕತ್ತಿ ಹಚ್ಚಿಸಿಕೊಳ್ಳುವುದು ವಿವೇಕವಲ್ಲ. ನೋವಿಲ್ಲದ ಪಾದ ನೋವಿನ ಪಾದವಾಗಿ ಹೊರಬಂದ ಪ್ರಸಂಗಗಳಿವೆ. ಬೆಳೆಯುವ ಮಕ್ಕಳಲ್ಲಿ ಮೂಳೆಯ ಬೆಳವಣಿಗೆ ಮುಗಿಯುವವರೆಗೆ ಸಾಧ್ಯವಾದಷ್ಟು ಕಾಯುವುದು ರೂಢಿ, ಏಕೆಂದರೆ ಅವರಲ್ಲಿ ಗಂಟು ಮರುಕಳಿಸುವುದು ಹೆಚ್ಚು.

ಮೊದಲು ಕ್ಷ-ಕಿರಣ ಚಿತ್ರ ತೆಗೆಯುತ್ತಾರೆ. ಇದನ್ನು ರೋಗಿ ಭಾರ ಹಾಕಿ ನಿಂತಿರುವಾಗಲೇ ತೆಗೆಯಬೇಕು; ಮಲಗಿಸಿ ತೆಗೆದ ಚಿತ್ರ ಓರೆಯನ್ನು ಕಡಿಮೆ ತೋರಿಸುತ್ತದೆ. ಹೆಬ್ಬೆರಳು ಮೆಟಾಟಾರ್ಸಲ್‌ನಿಂದ ವಾಲಿರುವ ಕೋನ 15 ಡಿಗ್ರಿಯೊಳಗಿದ್ದರೆ ಸಹಜ. 40 ದಾಟಿದರೆ ತೀವ್ರ. ಈ ಕೋನವನ್ನೂ, ಮೊದಲ ಎರಡು ಮೆಟಾಟಾರ್ಸಲ್‌ಗಳ ನಡುವಿನ ಅಂತರವನ್ನೂ, ಸಂಧಿಯ ಸವೆತವನ್ನೂ ನೋಡಿ ಶಸ್ತ್ರಕ್ರಿಯೆಯ ವಿಧಾನವನ್ನು ನಿರ್ಧರಿಸುತ್ತಾರೆ. ಇದುವರೆಗೆ 100ಕ್ಕೂ ಹೆಚ್ಚು ವಿಧಾನಗಳು ವರ್ಣಿತವಾಗಿವೆ. ಒಂದು ತೊಂದರೆಗೆ ನೂರು ಮದ್ದುಗಳಿದ್ದರೆ ಎಲ್ಲರಿಗೂ ಒಪ್ಪುವಂತಹುದು ಒಂದೂ ಇಲ್ಲವೆಂದೇ ಅರ್ಥ. ಉಬ್ಬನ್ನಷ್ಟೇ ಕೆತ್ತಿ ತೆಗೆಯುವುದು ಹಳೆಯ ಕ್ರಮ. ಮೂಳೆಯ ಓರೆ ಹಾಗೆಯೇ ಉಳಿಯುವುದರಿಂದ ಗಂಟು ಮತ್ತೆ ಬರುತ್ತಿತ್ತು. 1904ರಲ್ಲಿ ಕೆಲ್ಲರ್ ವಿವರಿಸಿದ ವಿಧಾನದಲ್ಲಿ ಬೆರಳಿನ ಮೂಳೆಯ ಬುಡವನ್ನೇ ತೆಗೆಯುತ್ತಾರೆ. ಇಂದು ಅದು ಹೆಚ್ಚು ನಡೆಯಲಾರದ ವೃದ್ಧರಿಗೆ ಮೀಸಲಾಗಿದೆ. ಈಗ ಬಹಳವಾಗಿ ನಡೆಯುವುದು ಮೆಟಾಟಾರ್ಸಲ್ ಮೂಳೆಯನ್ನು ಕತ್ತರಿಸಿ, ಸರಿಯಾದ ಸ್ಥಾನಕ್ಕೆ ಜರುಗಿಸಿ, ಸಣ್ಣ ತಿರುಪುಗಳಿಂದ ಬಿಗಿಯುವ ಕ್ರಮ. ತುದಿಯಲ್ಲಿ ಕೋನಾಕಾರವಾಗಿ ಕತ್ತರಿಸುವುದು ಶೆವ್ರನ್. ಉದ್ದಕ್ಕೂ ಮೆಟ್ಟಿಲಿನಂತೆ ಕತ್ತರಿಸುವುದು ಸ್ಕಾರ್ಫ್, ಬಡಗಿಗಳು ಎರಡು ಮರದ ತೊಲೆಗಳನ್ನು ಜೋಡಿಸುವ ಪದ್ಧತಿಯಿಂದ ಬಂದ ಹೆಸರಿದು. ಪಾದದ ನಡುವಿನ ಕೀಲು ತೀರ ಸಡಿಲವಾಗಿದ್ದಲ್ಲಿ, 1934ರಲ್ಲಿ ಲ್ಯಾಪಿಡಸ್ ಪ್ರಚುರಪಡಿಸಿದಂತೆ ಆ ಕೀಲನ್ನೇ ಬೆಸೆಯುತ್ತಾರೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಹೊಸ ವಿಧಾನಗಳೂ ಬಂದಿವೆ. ಮೂಳೆ ಕೂಡಲು ಬೇಕಾದ ಕಾಲ ಮಾತ್ರ ಅವುಗಳಲ್ಲಿಯೂ ಅಷ್ಟೇ.

ಶಸ್ತ್ರಕ್ರಿಯೆಯಿಂದ ಲಾಭವುಂಟೇ? ಫಿನ್ಲೆಂಡಿನಲ್ಲಿ 209 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ ನಡೆಸಿದ, 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದು ವರ್ಷದ ಕೊನೆಗೆ ಶಸ್ತ್ರಕ್ರಿಯೆಯಾದವರೇ ಹೆಚ್ಚು ಸುಖವಾಗಿದ್ದರು. ಬೂಟಿನೊಳಗಿನ ಅಟ್ಟೆಯಿಂದ ಮೊದಲ ಆರು ತಿಂಗಳಲ್ಲಿ ದೊರೆತ ಉಪಶಮನ ವರ್ಷದ ವೇಳೆಗೆ ಉಳಿದಿರಲಿಲ್ಲ. ಹಾಗೆಂದು ಎಲ್ಲರಿಗೂ ಪೂರ್ಣ ಗುಣವಾಗುವುದೆಂದು ಹೇಳಲಾಗದು. ಸೋಂಕು, ಮರಗಟ್ಟುವಿಕೆ, ಸಂಧಿಯ ಪೆಡಸು, ಮರುಕಳಿಕೆ ಇವು ಕೆಲವರನ್ನು ಕಾಡುತ್ತವೆ. ಮಧುಮೇಹ ಹತೋಟಿಯಲ್ಲಿಲ್ಲದವರಿಗೂ, ಬೀಡಿ ಸಿಗರೇಟು ಸೇದುವವರಿಗೂ ಗಾಯ ಮಾಯುವುದೂ ಮೂಳೆ ಕೂಡುವುದೂ ತಡ.

ಆಸ್ಪತ್ರೆಯ ವೆಚ್ಚವನ್ನು ಲೆಕ್ಕ ಹಾಕುವವರು ಅನಂತರದ ತಿಂಗಳುಗಳ ಲೆಕ್ಕವನ್ನು ಹಾಕುವುದಿಲ್ಲ. ಸಾಮಾನ್ಯವಾಗಿ ಆರು ವಾರಗಳವರೆಗೆ ಗಟ್ಟಿ ಅಟ್ಟೆಯ ವಿಶೇಷ ಬೂಟಿನಲ್ಲಿ ಹಿಮ್ಮಡಿಯ ಮೇಲೆ ಭಾರವಿಟ್ಟು ನಡೆಯಬೇಕಾಗುತ್ತದೆ. ಮೊದಲ ಎರಡು ವಾರ ಬಹುಪಾಲು ಹೊತ್ತು ಪಾದವನ್ನು ಎತ್ತರದಲ್ಲಿಟ್ಟಿರಬೇಕು. ಊತ ಇಳಿಯಲು ಆರು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಲಿಫ್ಟ್ ಇಲ್ಲದ ನಾಲ್ಕನೆಯ ಮಹಡಿಯಲ್ಲಿರುವವರು, ಚಾಳಿನ ಕೊನೆಯ ಶೌಚಗೃಹಕ್ಕೆ ನಡೆದುಹೋಗಬೇಕಾದವರು, ಕುಕ್ಕುರುಗಾಲಿನಲ್ಲಿ ಕೂರಬೇಕಾದವರು ಇದನ್ನು ಮೊದಲೇ ಯೋಚಿಸಬೇಕು. ಕುಕ್ಕುರುಗಾಲಿನಿಂದ ಏಳುವಾಗ ಹೆಬ್ಬೆರಳ ಸಂಧಿ ಪೂರ್ತಿ ಬಾಗುತ್ತದೆ. ಕೂಡದ ಮೂಳೆಗೆ ಅದು ಅಪಾಯಕರ. ಶೌಚಕ್ಕೆ ಕುರ್ಚಿಯ ಏರ್ಪಾಡು, ಅಡುಗೆಗೆ ಊರಿನಿಂದ ಅಕ್ಕನೋ ನಾದಿನಿಯೋ ಬಂದಿರುವ ಏರ್ಪಾಡು ಮುಂಚಿತವಾಗಿ ಆಗಿದ್ದರೆ ಒಳ್ಳೆಯದು. ಕುಳಿತು ಮಾಡುವ ಕೆಲಸಕ್ಕೆ ಕೆಲವು ವಾರಗಳಲ್ಲಿ ಹಿಂದಿರುಗಬಹುದಾದರೂ, ದಟ್ಟಣೆಯ ವೇಳೆಯ ಲೋಕಲ್ ರೈಲಿನಲ್ಲಿ ಬೇರೆಯವರ ಕಾಲಡಿಗೆ ಸಿಕ್ಕದಂತೆ ಇನ್ನೂ ಕೆಲಕಾಲ ದೂರವಿರುವುದೇ ಲೇಸು. ಮಳೆಗಾಲದ ಕೆಸರು ನೀರು ಗಾಯಕ್ಕೆ ಶತ್ರು. ತುರ್ತಿಲ್ಲದವರು ಜೂನ್‌ನಿಂದ ಸೆಪ್ಟೆಂಬರವರೆಗಿನ ಕಾಲವನ್ನು ಬಿಟ್ಟು ದಿನ ಗೊತ್ತುಮಾಡಿಕೊಳ್ಳಬಹುದು. ಕಾಲುಂಗುರಗಳನ್ನು ಶಸ್ತ್ರಕ್ರಿಯೆಗೆ ಮೊದಲೇ ತೆಗೆದಿಡಬೇಕು. ಊತವಿಳಿಯುವವರೆಗೆ ಮತ್ತೆ ತೊಡಬಾರದು. ಊದಿದ ಬೆರಳಿನಲ್ಲಿ ಸಿಕ್ಕಿಕೊಂಡ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾದೀತು.

ಮೂಳೆ ತಜ್ಞರಲ್ಲಿಗೆ ಹೋಗುವಾಗ ಕನಿಷ್ಠ ಒಂದು ವರ್ಷ ತೊಟ್ಟು ಸವೆದ ಹಳೆಯ ಚಪ್ಪಲಿಯನ್ನೋ ಬೂಟನ್ನೋ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಬಹಳ ಮಂದಿ ಸಂಕೋಚದಿಂದ ಅಂದು ಹೊಸದನ್ನೇ ತೊಟ್ಟು ಹೋಗುತ್ತಾರೆ. ಅಟ್ಟೆ ಎಲ್ಲಿ ಸವೆದಿದೆ, ಚರ್ಮ ಎಲ್ಲಿ ಉಬ್ಬಿದೆ ಎಂಬುದರಿಂದ ಆ ಪಾದ ಹೇಗೆ ನಡೆಯುತ್ತಿದೆಯೆಂಬುದನ್ನು ವೈದ್ಯರು ಅರಿತುಕೊಳ್ಳುತ್ತಾರೆ. ಸಕ್ಕರೆ ಪರೀಕ್ಷೆಯ ಈಚಿನ ವರದಿ, ಸೇವಿಸುತ್ತಿರುವ ಔಷಧಿಗಳ ಪಟ್ಟಿ, ಮನೆಯಲ್ಲಿ ಮತ್ತಾರಿಗೆ ಇಂತಹ ಗಂಟಿದೆಯೆಂಬ ಮಾಹಿತಿ, ಇವೂ ಜೊತೆಯಲ್ಲಿರಬೇಕು.